ಕುವೈತಿನಲ್ಲಿರುವ ಗಂಡ

ಶುಬ್ರಾ ಎಂಬ ನಮ್ಮ ಬಡಾವಣೆಯಲ್ಲಿ ಬಾಡಿಗೆ ಮನೆ ಕೇಳಿಕೊಂಡು ಹೋದ ಹೆಂಗಸಿಗೆ ಯಾರೂ ಮೊದಲು ಹೆಸರು ಕೇಳುವುದಿಲ್ಲ. "ಯಜಮಾನ್ರು ಎಲ್ಲಮ್ಮಾ?" ಎನ್ನುತ್ತಾರೆ. ಕೇಳುತ್ತಲೇ ನಮ್ಮ ಬೆನ್ನ ಹಿಂದೆ ಮೆಟ್ಟಿಲ ಕಡೆ ಇಣುಕುತ್ತಾರೆ, ಗಂಡನೆಂಬುವವನು ಏದುಸಿರು ಬಿಡುತ್ತ ಹಿಂದಿನಿಂದ ಬರುತ್ತಿರಬಹುದೇನೋ ಎಂಬಂತೆ. ಮೊದಮೊದಲು ನಾನು ಇದ್ದದ್ದನ್ನು ಇದ್ದ ಹಾಗೆಯೇ ಹೇಳುತ್ತಿದ್ದೆ. ತಲಾಕ್ ಆಗಿದೆ, ನಾನು ಮತ್ತು ಮಗಳು, ಇಬ್ಬರೇ. ಅಷ್ಟು ಬಾಯಿಂದ ಬಿದ್ದದ್ದೇ ತಡ, ಎದುರಿಗಿದ್ದ ಖಾಲಿ ಮನೆ ಮಾಯವಾಗುತ್ತಿತ್ತು. ಒಬ್ಬರು ನಿನ್ನೆ ತಾನೇ ಕೊಟ್ಟುಬಿಟ್ಟೆವು ಎಂದರು. ಇನ್ನೊಬ್ಬರಿಗೆ ಇದ್ದಕ್ಕಿದ್ದಂತೆ ತಮ್ಮನ ಮದುವೆ ನೆನಪಾಯಿತು. ಮಾರುಕಟ್ಟೆ ಹಿಂದಿನ ಓಣಿಯ ಒಬ್ಬ ಮುದುಕ ಮಾತ್ರ ಬಹಳ ಉತ್ಸಾಹ ತೋರಿಸಿ, ನಲ್ಲಿ ಸರಿಯಾಗಿದೆಯೋ ಇಲ್ಲವೋ ಎಂದು ಆಗಾಗ ತಾನೇ ಬಂದು ನೋಡಿಕೊಳ್ಳುತ್ತೇನೆ ಎಂದ. ಅವನ ಮನೆಯ ಬೀಗದಕೈಯನ್ನು ಅವನ ಕಾಲ ಬುಡಕ್ಕೇ ಎಸೆದು ಬಂದೆ.

"ಸೌಸನ್‌ಗೆ ಸಿಟ್ಟು ಜಾಸ್ತಿ" ಎಂದು ನನ್ನ ಅತ್ತಿಗೆ ಎಲ್ಲರಿಗೂ ಹೇಳುತ್ತಾಳೆ. ಅವಳ ಮನೆಯ ಸೋಫಾದ ಮೇಲೆ ಒಂದು ಚಳಿಗಾಲ, ಒಂದು ಬೇಸಿಗೆ ಕಳೆದವಳಿಗೆ ಸಿಟ್ಟಲ್ಲದೆ ಇನ್ನೇನು ಬರುತ್ತದೆ? ತಲಾಕ್ ಆದ ಮೇಲೆ ಅಣ್ಣನ ಮನೆಗೆ ಬಂದಾಗ ಮಗಳು ರೀಹಾಮ್ ಕೂಡ ನನ್ನ ಜೊತೆಯಲ್ಲಿದ್ದಳು. ಬೆಳೆಯುತ್ತಿರುವ ಹುಡುಗಿ, ಇವರ ಮನೆಯಲ್ಲಿ ಮೂವರು ಗಂಡುಮಕ್ಕಳು. ಬಟ್ಟೆ ಬದಲಿಸಬೇಕೆಂದರೂ ಬಚ್ಚಲಿಗೆ ಸರದಿ ಕಾಯಬೇಕು. ಕಡೆಗೆ ಅವಳಪ್ಪ ಅವಳನ್ನು ತಂತಾ ಊರಿನಲ್ಲಿರುವ ತನ್ನ ತಾಯಿ ಮನೆಗೆ ಕರೆದುಕೊಂಡು ಹೋದ. "ಸ್ಕೂಲು ಶುರುವಾಗೋದ್ರೊಳಗೆ ಬಾಗಿಲು ಚಿಲಕ ಇರೋ ಒಂದು ಮನೆ ಮಾಡು, ಕಳಿಸ್ತೀನಿ. ಆಗ್ಲಿಲ್ವಾ, ಇಲ್ಲೇ ಓದ್ಲಿ" ಎಂದ. ನ್ಯಾಯವಾದ ಮಾತೇ. ಅವನು ನ್ಯಾಯವಾಗಿ ಮಾತಾಡಿದಾಗ ನನಗೆ ಇನ್ನೂ ಹೆಚ್ಚು ಉರಿಯುತ್ತದೆ.

ಮೊದಲೆಲ್ಲ ಫೋನಿನಲ್ಲಿ ರೀಹಾಮ್ "ಅಜ್ಜಿ ಮನೆ" ಎನ್ನುತ್ತಿದ್ದಳು. ಒಂದು ದಿನ ಮಾತಿನ ಭರದಲ್ಲಿ "ನಮ್ಮನೇಲಿ" ಎಂದಳು. ಅವಳಿಗೆ ಅದು ಗೊತ್ತೂ ಆಗಲಿಲ್ಲ. ನನಗೆ ಮಾತ್ರ ಆಮೇಲೆ ನಾನು ಕೆಲಸ ಮಾಡುವ ಅತಬಾ ಪೇಟೆಯ ಪರದೆ ಅಂಗಡಿಯಲ್ಲಿ ಕೂತು ಹೊಲಿದ ಅಂಚೆಲ್ಲ ಸೊಟ್ಟಗಾಯಿತು. ಸಂಜೆ ನೆಟ್ಟಗೆ ದಲ್ಲಾಳಿ ಸಿದ್ಕಿ ಹತ್ತಿರ ಹೋದೆ.

ಸಿದ್ಕಿ ಓಣಿ ಬಾಯಲ್ಲಿರುವ ಕಾಫಿ ಅಂಗಡಿಯ ಖಾಯಂ ಕುರ್ಚಿಯವನು. ಹುಕ್ಕಾ ಕೊಳವೆ ಬಾಯಿಂದ ತೆಗೆಯದೆಯೇ ಮಾತಾಡುತ್ತಾನೆ. ಟುಕ್‌ಟುಕ್‌ಗಳ ಹಾರ್ನು, ಸಿಲಿಂಡರ್ ಮೇಲೆ ಸ್ಪ್ಯಾನರ್ ಬಡಿಯುತ್ತ ಹೋಗುವ ಗ್ಯಾಸಿನವನ ಗದ್ದಲ, ಅದರ ನಡುವೆ ನನ್ನ ಕಥೆ ಕೇಳಿ ಅವನು ನಕ್ಕ.

"ಅಕ್ಕಾ, ನೀನು ಮನೆ ಕೇಳೋಕೆ ಹೋಗ್ತಿದೀಯೋ, ಕೋರ್ಟಲ್ಲಿ ಸಾಕ್ಷಿ ಹೇಳೋಕೆ ಹೋಗ್ತಿದೀಯೋ? ನಾಳೆ ನನ್ ಜೊತೆ ಬಾ. ಆದ್ರೆ ಒಂದು. ಬಾಯಿ ನಂದು, ಮುಖ ನಿಂದು."

"ಅಂದ್ರೆ?"

"ಅಂದ್ರೆ ನೀನು ಸುಮ್ನೆ ಒಳ್ಳೆ ಮನೆತನದೋಳ ಥರ ನಿಂತ್ಕೊ ಅಂತ."

ಅವನು ಕರೆದುಕೊಂಡು ಹೋದದ್ದು ಐದು ಅಂತಸ್ತಿನ ಹಳೇ ಕಟ್ಟಡಕ್ಕೆ. ಯಜಮಾನಿ ಹಾಜಿಯಮ್ಮ ರತೀಬಾ, ವಿಧವೆ, ನಾಲ್ಕನೇ ಮಹಡಿಯಲ್ಲಿ ಒಬ್ಬಳೇ ಇದ್ದಳು. ಅವಳ ತಲೆಯ ಮೇಲಿನ ಮನೆ, ಅಂದರೆ ಐದನೆಯದು, ಖಾಲಿ. ಅವಳು ಬಾಗಿಲು ಅರ್ಧ ತೆರೆದು ನಿಂತಿದ್ದಳು, ದಪ್ಪ ಕನ್ನಡಕ, ಬಿಗಿದ ತುಟಿ. ಮೆಟ್ಟಿಲ ಮೇಲೆ ಮೂರನೇ ಮಹಡಿಯ ತೆರೆಜಾ ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಮಸೂರ್ ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದಳು. ಕಲ್ಲಿಗಿಂತ ಹೆಚ್ಚಾಗಿ ಬಂದುಹೋಗುವವರನ್ನು ಆರಿಸುತ್ತಾಳೆಂದು ಆಮೇಲೆ ತಿಳಿಯಿತು.

"ಯಜಮಾನ್ರು ಎಲ್ಲಿ?" ಎಂದಳು ಹಾಜಿಯಮ್ಮ.

ನಾನು ಬಾಯಿ ತೆರೆಯುವ ಮೊದಲೇ ಸಿದ್ಕಿ, "ಕುವೈತಲ್ಲಿದಾರೆ ಹಾಜಿಯಮ್ಮಾ! ದೊಡ್ಡ ಕಂಪನಿ, ಏಸಿ ರಿಪೇರಿ ಕೆಲಸ. ವರ್ಷಕ್ಕೊಂದ್ಸಲ ರಜ. ಬಂಗಾರದಂಥ ಮನುಷ್ಯ" ಎಂದು ಒಂದೇ ಉಸಿರಿಗೆ ನನಗೆ ಗಂಡನನ್ನು ಹುಟ್ಟಿಸಿಬಿಟ್ಟ. ನಾನು ಸರ್ರನೆ ತಿರುಗಿದೆ. ಅವನು ನನ್ನ ಕಾಲು ತುಳಿದ.

ಹಾಜಿಯಮ್ಮನ ಮುಖ ಅರಳಬೇಕಿತ್ತು. ಬದಲಿಗೆ ಕಪ್ಪಿಟ್ಟಿತು. "ಬೇಡ ಬಿಡಪ್ಪ, ನಾನು ಇನ್ನೂ ಯೋಚ್ನೆ ಮಾಡಿಲ್ಲ" ಎಂದು ಬಾಗಿಲು ಮುಚ್ಚಲು ಹೋದಳು. ಅಷ್ಟರಲ್ಲಿ ತೆರೆಜಾ ತಟ್ಟೆ ಪಕ್ಕಕ್ಕಿಟ್ಟು ಎದ್ದೇಬಿಟ್ಟಳು.

"ಅಯ್ಯೋ ಹಾಜಿಯಮ್ಮಾ, ಕುವೈತು! ನಿಮ್ಮ ಮಗ ಶುಕ್ರಿನೂ ಅಲ್ಲೇ ಅಲ್ವಾ! ದೇವ್ರೇ ಕಳ್ಸಿದಾನೆ ಅಂದ್ಕೊಳಿ. ಮಗನ ಸುದ್ದಿ ಬಂತಾ ಬಂತಾ ಅಂತ ನಾನು ದಿನಾ ನಿಮ್ಮನ್ನ ಕೇಳ್ತಿದ್ನಲ್ಲ, ಇನ್ಮೇಲೆ ಇವ್ಳನ್ನೇ ಕೇಳ್ಬೋದು. ಕೊಡಿ, ಕೊಡಿ, ಇಂಥೋರು ಇನ್ನೆಲ್ಲಿ ಸಿಕ್ತಾರೆ!"

ಹಾಜಿಯಮ್ಮ ನನ್ನನ್ನು ನೋಡಿದಳು, ತೆರೆಜಾಳನ್ನು ನೋಡಿದಳು, ಇಲ್ಲವೆನ್ನಲು ಏನೂ ತೋಚದೆ ಒಳಗೆ ಹೋಗಿ ಬೀಗದಕೈ ತಂದಳು. ಮುದುಕಿಗೆ ಬಾಡಿಗೆಯ ವಿಷಯದಲ್ಲಿ ಹಿಂಜರಿಕೆ ಇರಬೇಕು ಎಂದುಕೊಂಡೆ. ಅವಳ ಮುಖ ಓದುವಷ್ಟು ವ್ಯವಧಾನ ನನಗೆಲ್ಲಿತ್ತು?

ಮೆಟ್ಟಿಲಿಳಿಯುತ್ತ ಸಿದ್ಕಿಯನ್ನು ಬಾಯಿಗೆ ಬಂದಂತೆ ಬೈದೆ. ಅವನು ಹುಕ್ಕಾ ಇಲ್ಲದ ಬಾಯಿಯಿಂದ ಹಾಯಾಗಿ ಹೇಳಿದ, "ಕುವೈತ್ ಗಂಡ ಅಂದ್ರೆ ಒಳ್ಳೆ ಗಂಡ ಅಕ್ಕಾ. ಮನೇಲಿ ಗದ್ದಲ ಇಲ್ಲ, ಹೊರಗೆ ಗೌರವ."

ಮನೆ ನೋಡಿದರೆ ನಾಚಿಕೆಯಾಗುವಷ್ಟು ಹೊಸದು. ಎರಡೇ ಕೋಣೆ, ಸಣ್ಣ ಅಡುಗೆಮನೆ. ಬಚ್ಚಲಿಗೆ ಗುಲಾಬಿ ಟೈಲ್ಸು, ಕಿಟಕಿ ಗಾಜಿನ ಮೇಲೆ ಅಂಗಡಿಯ ಕಾಗದ ಇನ್ನೂ ಅಂಟಿಕೊಂಡಿತ್ತು. ನಮ್ಮ ಕಡೆ ಸ್ವಂತ ಕಟ್ಟಡ ಇರುವ ತಾಯಿ ಮಗನಿಗೆಂದು ಒಂದು ಮಹಡಿ ಎತ್ತಿಡುತ್ತಾಳೆ. ಮಗ ಮದುವೆಯಾಗಿ ಹೆಂಡತಿಯನ್ನು ಅಲ್ಲಿಗೇ ಕರೆತರಬೇಕು. ಇದೂ ಶುಕ್ರಿಗೆಂದು ಮಾಡಿಸಿದ್ದು ಎಂದು ನೋಡಿದರೇ ಗೊತ್ತಾಗುತ್ತಿತ್ತು. ಕುವೈತಿನಿಂದ ಬಂದು ಮದುವೆಯಾಗುವವರೆಗೆ ಬಾಡಿಗೆ ಬರಲಿ ಎಂದು ಕೊಟ್ಟಿರಬೇಕು. ಬರುವುದಾದರೆ ನಿಧಾನವಾಗಿ ಬರಲಿ ಎಂದುಕೊಂಡು ಒಳಗಿನ ಕೋಣೆಯಲ್ಲಿ ರೀಹಾಮ್‌ಳ ಮಂಚ ಎಲ್ಲಿ ಹಾಕುವುದೆಂದು ಅಳೆಯತೊಡಗಿದೆ.

ಅಂದಿನಿಂದ ನನ್ನ ನಿದ್ದೆ ಹಾರಿಹೋಯಿತು. ಓಣಿಯ ಗಲಾಟೆಯಿಂದಲ್ಲ, ಗಲಾಟೆ ನನಗೆ ಹಾಲಿನಷ್ಟೇ ಒಗ್ಗಿದ್ದು. ಇಲ್ಲದ ಗಂಡನನ್ನು ಸಾಕುವುದು ಇರುವ ಗಂಡನನ್ನು ಸಾಕುವುದಕ್ಕಿಂತ ಕಷ್ಟ. ತೆರೆಜಾ ಮೆಟ್ಟಿಲಲ್ಲಿ ಹಿಡಿದು ನಿಲ್ಲಿಸುತ್ತಿದ್ದಳು. ಫೋನ್ ಮಾಡಿದ್ರಾ? ಅಲ್ಲಿ ಸೆಕೆ ಹೇಗಂತೆ? ಅಡುಗೆ ಯಾರು ಮಾಡ್ತಾರೆ? ನಾನು ಒಮ್ಮೆ ತಾವೇ ಮಾಡಿಕೊಳ್ಳುತ್ತಾರೆ ಎಂದೆ, ಇನ್ನೊಮ್ಮೆ ಹೋಟೆಲಿನಲ್ಲಿ ಉಣ್ಣುತ್ತಾರೆ ಎಂದೆ. "ಪಾಪ, ಕೆಲವು ದಿನ ಸುಸ್ತಾಗತ್ತೆ ಅಲ್ವಾ" ಎಂದು ಅವಳೇ ನನ್ನ ಸುಳ್ಳಿಗೆ ತೇಪೆ ಹಾಕಿದಳು. ಅವಳು ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ತಪ್ಪಿಸಿಕೊಳ್ಳುವುದು ಸುಲಭವಿತ್ತು.

ಒಂದು ದಿನ ಹಾಜಿಯಮ್ಮನ ಎದುರಿಗೇ ಕೇಳಿದಳು, "ನಿಮ್ಮೋರ ಕಡೆಯಿಂದ ಅಲ್ಲಿಗೆ ಹೋಗೋರು ಯಾರಾದ್ರೂ ಇರ್ತಾರಲ್ಲ ಸೌಸನ್? ಹಾಜಿಯಮ್ಮ ಶುಕ್ರಿಗೆ ಏನಾದ್ರೂ ಕಳಿಸ್ಲಿ. ಇಷ್ಟು ದಿನ ಆಯ್ತು, ಆ ಹುಡುಗನ ನಾಲಗೆಗೆ ಅಮ್ಮನ ಕೈರುಚಿ ತಾಗಿಲ್ಲ."

ಕೊಲ್ಲಿ ದೇಶಗಳಿಗೆ ಹೊರಟವನ ಸೂಟ್‌ಕೇಸಿನಲ್ಲಿ ಅವನ ಬಟ್ಟೆಗಿಂತ ಹೆಚ್ಚಾಗಿ ಓಣಿಯವರ ಗಂಟುಗಳೇ ಇರುತ್ತವೆ. ಇಲ್ಲ ಎನ್ನುವ ಹಾಗೇ ಇಲ್ಲ, ಹಾಗೆಂದವನಿಗೆ ಆಮೇಲೆ ಯಾರೂ ಸಲಾಂ ಹೇಳುವುದಿಲ್ಲ. "ಮುಂದಿನ ವಾರ ಒಬ್ರು ಹೋಗ್ತಾರೆ" ಎಂದುಬಿಟ್ಟೆ. ಹಾಜಿಯಮ್ಮ, "ಯಾಕೆ ಇನ್ನೊಬ್ರಿಗೆ ಹೊರೆ" ಎಂದಳು. ತೆರೆಜಾ ಬಿಡಬೇಕಲ್ಲ. "ಹೊರೆ ಏನು ಬಂತು! ನಾಚ್ಕೋಬೇಡಿ ಹಾಜಿಯಮ್ಮಾ!"

ಕಡೆಗೆ ಗಡಿಗೆಯಲ್ಲಿ ವರ್ಷಗಟ್ಟಲೆ ಹುದುಗಿದ ಹಳೇ ಚೀಸಿನ ಒಂದು ಡಬ್ಬ, ಟೇಪು ಸುತ್ತಿ, ಮೇಲೆ ಶುಕ್ರಿಯ ಹೆಸರು ಬರೆದು, ನನ್ನ ಕೈ ಸೇರಿತು. ಅದರ ವಾಸನೆ ನಿಮಗೆ ಗೊತ್ತಿದ್ದರೆ ನಾನು ಹೇಳಬೇಕಿಲ್ಲ. ಮಂಚದ ಕೆಳಗಿಟ್ಟೆ, ವಾಸನೆ ದಿಂಬಿಗೆ ಬಂತು. ಬಾಲ್ಕನಿಯಲ್ಲಿಟ್ಟರೆ ತೆರೆಜಾಳ ಮೂಗಿಗೆ ಸಿಕ್ಕೀತು. ಚೀಲದಲ್ಲಿ ಬಚ್ಚಿಟ್ಟು ಅಂಗಡಿಗೆ ಒಯ್ದೆ. ಕುವೈತಿಗೆ ಹೋಗಬೇಕಾದ ಚೀಸನ್ನು ಅತಬಾದ ಹೊಲಿಗೆಯವರು ಟೊಮೆಟೊ ಹಚ್ಚಿಕೊಂಡು ರೊಟ್ಟಿಯೊಂದಿಗೆ ತಿಂದು, ಮಾಡಿದ ಕೈಗೆ ದುವಾ ಮಾಡಿದರು. ನಾನೂ ತಿಂದೆ. ಬಹಳ ಚೆನ್ನಾಗಿತ್ತು, ಅದೇ ನನ್ನನ್ನು ಹೆಚ್ಚು ಚುಚ್ಚಿತು.

ಅದಾದ ಎರಡನೇ ವಾರ ತಂತಾದಿಂದ ಫೋನು. ಮನೆಯಾಗಿದೆ ಎಂದು ಅಣ್ಣನಿಂದ ಖಾತ್ರಿ ಮಾಡಿಕೊಂಡಿದ್ದ. "ಶುಕ್ರವಾರ ರೈಲು ಹತ್ತಿಸ್ತೀನಿ" ಎಂದ ಮಾಜಿ ಗಂಡ. ರೀಹಾಮ್ ಫೋನು ಕಿತ್ತುಕೊಂಡು, "ಅಮ್ಮಾ, ನನ್ನ ರೂಮಿಗೆ ಒಳಗಿಂದ ಚಿಲಕ ಇದ್ಯಾ?" ಎಂದು ಕೇಳಿದಳು. ಇದೆ ಎಂದೆ. ಆ ಸಂತೋಷದಲ್ಲೇ ಮೆಟ್ಟಿಲಿಳಿಯುತ್ತಿದ್ದೆ. ನಾಲ್ಕನೇ ಮಹಡಿಯಲ್ಲಿ ಹಾಜಿಯಮ್ಮನೂ ತೆರೆಜಾಳೂ ನಿಂತಿದ್ದರು.

"ಡಬ್ಬ ತಲುಪ್ತಾ?" ಎಂದಳು ತೆರೆಜಾ.

"ತಲುಪ್ತು! ನಮ್ಮೋರೇ ಶುಕ್ರಿ ಕೈಗೆ ಕೊಟ್ರಂತೆ." ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಸಂತೋಷ ಮನುಷ್ಯನ ಬಾಯಿ ಸಡಿಲ ಮಾಡುತ್ತದೆ. "ಅಲ್ಲೇ ಕೂತು ಬೆರಳು ಚೀಪ್ಕೊಂಡು ತಿಂದ್ನಂತೆ. ಇದು ನಮ್ಮಮ್ಮನ ಕೈದೇ ಅಂತ ಕಣ್ಣಲ್ಲಿ ನೀರು ಹಾಕ್ಕೊಂಡ್ನಂತೆ."

ತೆರೆಜಾ ಎದೆ ಮೇಲೆ ಶಿಲುಬೆ ಎಳೆದುಕೊಂಡು ತಾನೂ ಕಣ್ಣೊರೆಸಿದಳು. ಹಾಜಿಯಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಧ್ಯಾಹ್ನದ ನಮಾಜು ಮುಗಿದು ಓಣಿ ಸ್ವಲ್ಪ ತೂಕಡಿಸುವ ಹೊತ್ತಿಗೆ ಅವಳು ಮೇಲೆ ಬಂದಳು. ನಾನು ರೀಹಾಮ್‌ಳ ಕೋಣೆಗೆ ಪರದೆ ಕಟ್ಟುತ್ತಿದ್ದೆ. ಹಾಜಿಯಮ್ಮ ಕೂರಲಿಲ್ಲ. ಅಡುಗೆಮನೆ ಬಾಗಿಲಿಗೆ ಕೈಕೊಟ್ಟು ನಿಂತು ಕೇಳಿದಳು.

"ತಿಂದ ಅಂದ್ಯಾ?"

"ಹೂಂ ಹಾಜಿಯಮ್ಮಾ."

"ಬೆರಳು ಚೀಪ್ಕೊಂಡು?"

"ಹಾಗಂತ ನಮ್ಮೋರು..."

"ನನ್ನ ಮಗ ಹಳೇ ಚೀಸು ಮುಟ್ಟಲ್ಲ. ಸಣ್ಣೋನಿದ್ದಾಗ್ಲಿಂದ ಡಬ್ಬ ತೆಗೆದ್ರೇ ಓಡಿಹೋಗ್ತಿದ್ದ. ಅವ್ನಿಗೆ ಕಳಿಸೋದಾಗಿದ್ರೆ ಅದ್ನ ಕಳಿಸ್ತಿದ್ನಾ? ತೆರೆಜಾ ಕಣ್ಣಿಗೆ ಏನೋ ಒಂದು ಕಟ್ಟಿಕೊಟ್ಟೆ. ಅವ್ನು ಕುವೈತಲ್ಲೂ ಇಲ್ಲ. ಹೆಲ್ವಾನಲ್ಲಿದಾನೆ. ಮೆಟ್ರೋ ಹತ್ತಿದ್ರೆ ಇಲ್ಲೇ. ಕುವೈತನ್ನ ಅವ್ನು ಕಂಡೇ ಇಲ್ಲ. ಈಗ ಹೇಳು, ನಿನ್ ಗಂಡ ಯಾರಿಗೆ ಕೊಟ್ಟ ಡಬ್ಬ?"

ಪರದೆ ನನ್ನ ಕೈಯಿಂದ ಜಾರಿತು. ಹೇಳುವುದು ಏನೂ ಉಳಿದಿರಲಿಲ್ಲ, ನಿಜವೊಂದನ್ನು ಬಿಟ್ಟು. "ಗಂಡ ಇಲ್ಲ ಹಾಜಿಯಮ್ಮ. ತಲಾಕ್ ಆಗಿದೆ. ಆ ಸಿದ್ಕಿ ಬಾಯಿಗೆ ಬಂದದ್ದು ಹೇಳ್ದ, ನಾನು ಸುಮ್ನಿದ್ದೆ."

"ಸುಮ್ನಿದ್ಯಾ? ನನ್ ಮಗನ್ನ ಅಳಿಸ್ದೆ, ಬೆರಳು ಚೀಪಿಸ್ದೆ, ಇದು ಸುಮ್ನಿರೋದಾ? ನನ್ ಮನೆಗೇ ಬಂದು, ನನ್ ತಲೆ ಮೇಲೇ ಕೂತು ಸುಳ್ಳು ಹೇಳ್ತೀಯಾ, ನಾಚ್ಕೆ ಆಗಲ್ವಾ?"

ನನಗೂ ರೇಗಿತು. ತಪ್ಪು ನನ್ನದಿದ್ದಾಗಲೇ ನನಗೆ ಹೆಚ್ಚು ರೇಗುವುದು. "ನೀವು? ಓಣಿಗೆಲ್ಲ ಮಗ ಕುವೈತು ಅಂತ ಹೇಳ್ಕೊಂಡು ಬಂದೋರು ಯಾರು? ಹಜ್ ಮಾಡಿ ಬಂದೋರು ನೀವು, ನಾನಲ್ಲ!"

"ನನ್ನ ಹಜ್ ವಿಷ್ಯ ಎತ್ಬೇಡ! ನಾನೇನು ಖುಷಿಗೆ ಹೇಳಿದ್ನಾ? ಈ ಮನೆ ಅವ್ನಿಗೆ ಅಂತ ಮಾಡ್ಸಿದ್ದು. ಒಂದೊಂದ್ ಟೈಲ್ಸೂ ನಾನೇ ಹೋಗಿ ಆರಿಸ್ದೆ. ಅವ್ನು ಮೆಚ್ಚಿದ ಹುಡುಗಿ ಬಂದು ನೋಡಿ ಅಂದ್ಲು, ಅತ್ತೆ ಕೆಳಗೆ, ನಾವು ಮೇಲೆ, ನಂಗ್ ಬೇಡ ಅಂತ. ಈ ಮನೆ ಬೇಡ ಅನ್ನೋಳು ನನ್ ಮಗನಿಗೂ ಬೇಡ ಅಂದೆ ನಾನು. ಅವ್ನು ಅವಳ ಹಿಂದೆ ಹೋದ. ತಾಯಿ ಕಟ್ಟಿದ ಮನೆ ಇರುವಾಗ ಮಗ ಹೆಲ್ವಾನಲ್ಲಿ ಬಾಡಿಗೆ ಮನೇಲಿದಾನೆ ಅಂತ ಹೇಳ್ಕೊಂಡು ಓಣೀಲಿ ತಲೆಯೆತ್ತಿ ಓಡಾಡೋಕಾಗತ್ತಾ? ಹೇಳು!"

"ಅದಕ್ಕೆ ನನ್ನ ಮಗಳೇನು ಮಾಡಿದ್ಲು? ಶುಕ್ರವಾರ ಬರ್ತಿದಾಳೆ ಅವ್ಳು. ಓಡಿಸೋದಾದ್ರೆ ಇವತ್ತೇ ಓಡಿಸಿ. ಅವ್ಳು ಬ್ಯಾಗು ಇಳಿಸಿದ್ಮೇಲೆ ಬೇಡ. ಅವಳಿಗೆ ಈ ಮನೇನೂ ಇಲ್ಲ ಅಂತ ನಾನು ಹೇಗೆ ಹೇಳ್ಲಿ?"

ನಾನು ಅಳುತ್ತಿದ್ದೆ. ಅಳುತ್ತ ಕೂಗುತ್ತಿದ್ದೆ. ಅವಳೂ ಕೂಗುತ್ತಿದ್ದಳು. ಈ ಕಟ್ಟಡದ ಎಲ್ಲ ಅಡುಗೆಮನೆ ಕಿಟಕಿಗಳೂ ನಡುವಿನ ಒಂದೇ ಕಿರಿದಾದ ತೆರಪಿಗೆ ತೆರೆಯುತ್ತವೆ, ಅಲ್ಲಿ ಸೀನಿದರೂ ಐದು ಮಹಡಿಗೆ ಕೇಳಿಸುತ್ತದೆ ಎಂಬುದು ಇಬ್ಬರಿಗೂ ಮರೆತುಹೋಗಿತ್ತು.

"ಹಾಜಿಯಮ್ಮಾ!" ಕೆಳಗಿನಿಂದ ತೆರೆಜಾಳ ದನಿ. "ಏನಾಯ್ತು? ಯಾಕೆ ಕೂಗಾಡ್ತಿದೀರಾ? ಬರ್ಲಾ ಮೇಲಕ್ಕೆ?"

ಹಾಜಿಯಮ್ಮ ನನ್ನನ್ನು ನೋಡಿದಳು. ಒಂದು ಮಾತು ಸಾಕಿತ್ತು ಅವಳಿಗೆ. ಇವಳಿಗೆ ಗಂಡನೇ ಇಲ್ಲ ಎಂದರೆ ಸಂಜೆಯೊಳಗೆ ನನ್ನ ಹಾಸಿಗೆ ಓಣಿಯಲ್ಲಿರುತ್ತಿತ್ತು. ಅವಳು ಕಿಟಕಿಗೆ ಹೋಗಿ ತಲೆ ಹೊರಗೆ ಹಾಕಿದಳು.

"ಏನಿಲ್ಲ ಕಣೇ ತೆರೆಜಾ! ಇವಳ ಗಂಡನ ಫೋನು, ಕುವೈತಿಂದ! ಲೈನು ಸರಿ ಇಲ್ಲ, ಅದಕ್ಕೆ ಕೂಗ್ತಿದೀವಿ!"

ಕೆಳಗಿನಿಂದ ತೆರೆಜಾ ಮತ್ತೆ ಕೂಗಿದಳು.

"ಹೌದಾ? ಹಾಗಿದ್ರೆ ಕೇಳಿ, ಕೇಳಿ! ಶುಕ್ರಿ ಹಬ್ಬಕ್ಕೆ ಬರ್ತಾನಂತಾ?"

ಹಾಜಿಯಮ್ಮ ನನ್ನ ಕಡೆ ತಿರುಗಿದಳು. ಅವಳಿಗೆ ಎಲ್ಲ ಗೊತ್ತು. ಫೋನಿಲ್ಲ, ಗಂಡನಿಲ್ಲ, ಕುವೈತಿಲ್ಲ. ಆದರೂ ದಪ್ಪ ಕನ್ನಡಕದ ಹಿಂದಿನ ಆ ಕಣ್ಣು ನನ್ನ ಬಾಯನ್ನೇ ನೋಡುತ್ತಿತ್ತು, ನಾನು ನಿಜವಾಗಿ ಕೇಳಿ ತಿಳಿದು ಹೇಳುವವಳೆಂಬಂತೆ. ಆ ಮುಖಕ್ಕೆ ಇಲ್ಲ ಎನ್ನಲು ನನ್ನಿಂದ ಆಗಲಿಲ್ಲ. ಕಿಟಕಿಗೆ ಬಂದು ಕೂಗಿದೆ, "ಬರ್ತಾನಂತೆ!"

ಕೆಳಗೆ ತೆರೆಜಾ ಸಂಭ್ರಮದ ಕೇಕೆ ಹಾಕಿದಳು. ಎರಡನೇ ಮಹಡಿಯ ಕಿಟಕಿ ತೆರೆಯಿತು, ಮೊದಲನೆಯದೂ ತೆರೆಯಿತು. ಶುಕ್ರಿ ಬರ್ತಾನಂತೆ ಎಂಬುದು ಕ್ಷಣದಲ್ಲಿ ಓಣಿ ಬಾಯಿಯ ಕಾಫಿ ಅಂಗಡಿ ಮುಟ್ಟಿರಬೇಕು.

ಹಾಜಿಯಮ್ಮ ನನ್ನ ಮುಂಗೈ ಹಿಡಿದುಕೊಂಡಳು, ನೋಯುವ ಹಾಗೆ. "ಯಾಕೆ ಹಾಗಂದೆ? ಈಗ ಅವ್ನು ಬರದಿದ್ರೆ?"

"ಗೊತ್ತಿಲ್ಲ ಹಾಜಿಯಮ್ಮ. ಬಾಯಿಗೆ ಬಂತು."

ಅವಳು ಬಚ್ಚಲಿನ ಗುಲಾಬಿ ಟೈಲ್ಸಿನ ಕಡೆ ನೋಡಿದಳು. ಆಮೇಲೆ ಕೇಳಿದ ಮಾತಿನಲ್ಲಿ ಸಿಟ್ಟೇ ಇರಲಿಲ್ಲ. "ಬಂದ್ರೆ ಎಲ್ಲಿ ಮಲಗ್ತಾನೆ? ಇದು ಅವ್ನ ಮನೆ."

"ಬಂದ್ರೆ ಆ ದಿನಾನೇ ಖಾಲಿ ಮಾಡ್ತೀನಿ."

"ಮಗಳಿದ್ರೂ?"

"ಇದ್ರೂ."

"ಅಲ್ಲಿವರ್ಗೂ ಇರು. ನಿನ್ ಗಂಡ ಕುವೈತಲ್ಲೇ ಇರ್ಲಿ. ನಾನು ಹೆಲ್ವಾನ್‌ಗೆ ಹೋಗ್ತೀನಿ. ಇಷ್ಟು ವರ್ಷ ಹೋಗ್ಲಿಲ್ಲ, ಈಗ ಹೋಗ್ಲೇಬೇಕು. ಆ ಹುಡುಗಿ ಕೈ ಹಿಡಿದು, ಹಬ್ಬಕ್ಕೆ ಬನ್ನಿ ಅಂತ ಕೇಳ್ತೀನಿ." ಬಾಗಿಲಲ್ಲಿ ನಿಂತು, "ನೀನೇ ಹೋಗೋ ಹಾಗೆ ಮಾಡ್ದೆ" ಎಂದಳು. ಅದು ಬೈಗುಳವೋ ಕೃತಜ್ಞತೆಯೋ ನನಗೆ ಇವತ್ತಿಗೂ ತಿಳಿದಿಲ್ಲ.

ಶುಕ್ರವಾರ ರೀಹಾಮ್ ಬಂದಳು. ಬ್ಯಾಗು ಇಳಿಸುವ ಮೊದಲೇ ಒಳಗಿನ ಕೋಣೆಗೆ ಹೋಗಿ ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದಳು. ಆಚೆ ಬಂದಾಗ ಮುಖ ತುಂಬ ನಗು. "ಅಮ್ಮಾ, ಇದು ನಮ್ದೇನಾ?" ಎಂದಳು. ನಮ್ದೇ ಎಂದೆ. ಆಮೇಲೆ ಅವಳನ್ನು ಕೂರಿಸಿಕೊಂಡು, ಮೆಟ್ಟಿಲಲ್ಲಿ ಯಾರಾದರೂ ಕೇಳಿದರೆ ಅಪ್ಪ ಕುವೈತಿನಲ್ಲಿದ್ದಾರೆ ಎನ್ನಬೇಕೆಂದು ಕಲಿಸಿದೆ. ಹೊಸ ಮನೆಯಲ್ಲಿ ಮಗಳಿಗೆ ಮೊದಲು ಕೊಟ್ಟದ್ದು ಅದೇ. ಅವಳ ನಗು ಸ್ವಲ್ಪ ಕಡಿಮೆಯಾಯಿತು.

ಅದೇ ಸಂಜೆ ಹಾಜಿಯಮ್ಮ ಹೆಲ್ವಾನ್‌ನಿಂದ ಬಂದಳು, ಕಪ್ಪು ಚಪ್ಪಲಿಗೆಲ್ಲ ಧೂಳು. ಏನಾಯಿತೆಂದು ನಾನು ಕಣ್ಣಲ್ಲೇ ಕೇಳಿದೆ. "ಯೋಚ್ನೆ ಮಾಡ್ತೀವಿ ಅಂದ್ರು, ಇಬ್ರೂ" ಎಂದು ಮೆಲ್ಲಗೆ ಹೇಳಿ, ನನ್ನ ಹಿಂದೆ ನಿಂತಿದ್ದ ರೀಹಾಮ್‌ಳ ಕೆನ್ನೆ ಸವರಿ ತನ್ನ ಮನೆಯೊಳಗೆ ಹೋದಳು.

ಹಬ್ಬ ಹತ್ತಿರ ಬರುತ್ತಿದೆ. ಈ ಕಟ್ಟಡದಲ್ಲಿ ಮೂರನೇ ಮಹಡಿ ದಾಟಿ ಮೇಲಕ್ಕೆ ಬರುವ ಗಂಡಸರು ಕಡಿಮೆ. ಗ್ಯಾಸಿನವನು, ಮೀಟರ್ ನೋಡುವವನು, ಅಷ್ಟೇ. ಭಾರವಾದ ಹೆಜ್ಜೆ ಸದ್ದು ಮೂರನ್ನು ದಾಟಿದ ಕೂಡಲೇ ಕೆಳಗೆ ಹಾಜಿಯಮ್ಮನ ಬಾಗಿಲು ಥಟ್ಟನೆ ತೆರೆಯುತ್ತದೆ. ಮೇಲೆ ನಾನು ಚಿಲಕದ ಮೇಲೆ ಕೈಯಿಟ್ಟು ನಿಲ್ಲುತ್ತೇನೆ. ಶುಕ್ರಿಯೇ ಆಗಿರಲಿ ಎಂದು ಅವಳು ಬೇಡುತ್ತಾಳೆ, ಅವನಾಗದಿರಲಿ ಎಂದು ನಾನು. ಕೇಳಿಸಿಕೊಳ್ಳುವ ದೇವರೂ ಒಬ್ಬನೇ. ಸಿಲಿಂಡರ್ ನೆಲಕ್ಕಿಟ್ಟ ಸದ್ದು ಕೇಳಿದ ಮೇಲೆ ನನಗೆ ಉಸಿರು ಬರುತ್ತದೆ. ಕೆಳಗಿನ ಬಾಗಿಲು ನಿಧಾನವಾಗಿ ಮುಚ್ಚಿಕೊಳ್ಳುತ್ತದೆ. ಆ ಮುಚ್ಚುವ ಸದ್ದಿಗೆ ನನಗೆ ನಾಚಿಕೆಯಾಗುತ್ತದೆ. ಆದರೂ ಮುಂದಿನ ಹೆಜ್ಜೆ ಸದ್ದಿಗೆ ಮತ್ತೆ ಅದನ್ನೇ ಬೇಡುತ್ತೇನೆ.